ಬಿಟ್ಟಿದ್ದಕ್ಕೆ ಬಿಲ್ಲು

ಏಪ್ರಿಲ್ ಬಂತು. ನ್ಯೂಜೆರ್ಸಿಯ ರಾಯರು ಶೂ ಡಬ್ಬಿ ತುಂಬ ರಸೀದಿ ಹೊತ್ತು ಆಡಿಟರ್ ಮುಂದೆ ಕೂತರು.

“ಸಿಗರೇಟು ಬಿಟ್ಟೆ ಸಾರ್. ಆ ಖರ್ಚಿಗೆ ತೆರಿಗೇಲಿ ಬಿಡ್ತಾರಂತೆ?”

“ಹೌದು, ಡಾಕ್ಟರ್ ಚೀಟಿಯ ಮಾತ್ರೆ, ಚಟ ಬಿಡಿಸೋ ತರಬೇತಿ ಎರಡೂ ಸೇರುತ್ತೆ.”

1979ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಇದನ್ನು ಒಪ್ಪಿರಲಿಲ್ಲ, ಒಪ್ಪಿದ್ದು 1999ರಲ್ಲಿ. ಖಜಾನೆಗೆ ಕೆಮ್ಮು ಕೇಳಿಸಲು 20 ವರ್ಷ ಹಿಡಿಯಿತು.

“ಅಂಗಡೀಲಿ ಕೊಂಡ ನಿಕೊಟಿನ್ ಗಮ್?”

“ಚೀಟಿ ಇಲ್ದೆ ಸಿಗೋದು ನಡೆಯಲ್ಲ.”

“ಅಗಿದಿದ್ದು ದಂಡ! ತೋಳಿಗೆ ಹಚ್ಚೋ ಪ್ಯಾಚು?”

“ಅದೂ ಅಂಟಲ್ಲ. ಮತ್ತೆ, ವೈದ್ಯಕೀಯ ಖರ್ಚು ಆದಾಯದ ಶೇ. 7.5 ದಾಟಬೇಕು, ದಾಟಿದಷ್ಟಕ್ಕೇ ವಿನಾಯಿತಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ ಬಿಡಬೇಕು.”

“ಅದನ್ನೂ ಬಿಡಬೇಕಾ? ಸಿಗರೇಟು ಬಿಡೋದೇ ಸಲೀಸಿತ್ತು!”

ರಾಯರು ಬೆರಳು ಮಡಚಿ ಎಣಿಸಿದರು.

“ಸಾರ್, ಶ್ವಾಸಕೋಶದ ಆಪರೇಷನ್ ಆಗಿದ್ರೆ?”

“ಆರಾಮಾಗಿ ದಾಟ್ತಿತ್ತು.”

“ಛೇ, ಬಿಡೋಕೆ ಆತುರಪಟ್ಟೆ.”