ಶೆಟ್ರಿಗೆ ಕತ್ತಲೆ ಬೇಕು

ಬೆಂಗಳೂರಿನ ಚಳಿ ಎದೆ ತಟ್ಟಿ ಹೇಳಿಕೊಳ್ಳಬಹುದಾದ ದಿನ ಒಂದೇ ಒಂದು: 1884ರ ಜನವರಿ 13. ಅಂದು ಪಾದರಸ 7.8 ಡಿಗ್ರಿಗೆ ಇಳಿದಿತ್ತು. ಆ ದಾಖಲೆ ಮುರಿಯಲು ಊರಿಗೆ ಇವತ್ತಿನವರೆಗೂ ಆಗಿಲ್ಲ. ಬಿನ್ನಿ ಮಿಲ್ಲಿಗೆ ಮೂಲವಾದ ಉಣ್ಣೆ, ಹತ್ತಿ, ರೇಷ್ಮೆಯ ಮಿಲ್ಲು ಶುರುವಾದದ್ದೂ ಅದೇ 1884ರಲ್ಲಿ. ಆ ಚಳಿಗೆ ಹಲ್ಲು ಕಟಕಟ ಅಂದ ಯಾರೋ ಪುಣ್ಯಾತ್ಮ ‘ಈ ಊರಲ್ಲಿ ಕಂಬಳಿ ವ್ಯಾಪಾರ ಕೈ ಹಿಡಿಯುತ್ತೆ’ ಎಂದು ಲೆಕ್ಕ ಹಾಕಿರಬೇಕು ಎಂಬುದು ನನ್ನ ಸ್ವಂತ ಸಂಶೋಧನೆ, ಪುರಾವೆ ಕೇಳಬೇಡಿ. ಈಗ ಮಿಲ್ಲಿಲ್ಲ, ಅದರ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿವೆ, ಬಿನ್ನಿಪೇಟೆ ಅನ್ನುವ ಹೆಸರು ಉಳಿದಿದೆ. ಚಳಿಯೂ ಹೆಚ್ಚುಕಡಿಮೆ ಹೆಸರಿಗಷ್ಟೇ. ಡಿಸೆಂಬರಿನಲ್ಲಿ ನಾವು ಮಂಕಿಕ್ಯಾಪು ಹಾಕಿಕೊಳ್ಳುವುದು ಸಂಪ್ರದಾಯ ಬಿಡಬಾರದು ಅಂತ.

ಇಂಥ ಊರಿನಲ್ಲಿ ಕೂತು ನಮ್ಮಮ್ಮ ಹಿಮ ಹೊಡೆದ ಗಿಡಕ್ಕೆ ಔಷಧಿ ಹೇಳುತ್ತಾಳೆ. ರೋಗಿ ಇರುವುದು ನ್ಯೂಜೆರ್ಸಿಯಲ್ಲಿ. ನನ್ನ ತಂಗಿ ಕ್ರಿಸ್ಮಸ್ಸಿಗೆಂದು ಒಂದು ಪಾಯಿನ್‌ಸೆಟ್ಟಿಯಾ ಕೊಂಡು, ರಾತ್ರಿ ವರಾಂಡದಲ್ಲೇ ಮರೆತಿದ್ದಾಳೆ. ಬೆಳಿಗ್ಗೆ ನೋಡಿದರೆ ಕೆಂಪು, ಹಸಿರು ಎರಡೂ ಹೋಗಿ ಎಲೆಗಳೆಲ್ಲ ಬೇಯಿಸಿದ ಪಾಲಕ್ ಸೊಪ್ಪಿನಂತೆ ಜೋತುಬಿದ್ದಿವೆ. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳೇ ಒಡೆದುಹೋದ ಮೇಲೆ ಇನ್ನೇನಾದೀತು? ಈ ಗಿಡ ಮೆಕ್ಸಿಕೋದ್ದು. ಹಿಮ ಬೀಳುವುದೇ ಬೇಡ, 10 ಡಿಗ್ರಿಗಿಂತ ಕೆಳಗಿಳಿದರೇ ಎಲೆ ಉದುರಿಸಿಕೊಂಡು ನಿಲ್ಲುತ್ತದೆ.

ವಿಡಿಯೋ ಕಾಲಿನಲ್ಲಿ ಅಮ್ಮ ಗಿಡ ನೋಡಿದಳು. ಹಿಮವನ್ನು ಆಕೆ ನೋಡಿರುವುದು ರಾಜ್‌ಕುಮಾರ್ ಸಿನಿಮಾದ ಹಾಡುಗಳಲ್ಲಿ ಮಾತ್ರ. ಆದರೂ ಧ್ವನಿಯಲ್ಲಿ ಚೂರೂ ಅಳುಕಿಲ್ಲ.

“ಕಾಂಡನ ಉಗುರಲ್ಲಿ ಕೆರೆದು ನೋಡೇ. ಒಳಗೆ ಹಸಿರಿದೆಯಾ, ಕಂದು ಬಣ್ಣ ಬಂದಿದೆಯಾ?”

“ಮೇಲೆ ಕಂದು ಅಮ್ಮ. ಕೆಳಗೆ ಹಸಿರು.”

“ಹಾಗಾದ್ರೆ ಶೆಟ್ರು ಬದುಕಿದಾರೆ. ಒಳಗಿಡು. ಕತ್ತರಿ ಮುಟ್ಟಬೇಡ.”

ಶೆಟ್ರು ಎಂದರೆ ಗಿಡ. ಪಾಯಿನ್‌ಸೆಟ್ಟಿಯಾ ಎಂಬ ಹೆಸರು ಅಮ್ಮನ ಬಾಯಲ್ಲಿ ಮೊದಲ ದಿನವೇ ಅರ್ಧ ಉದುರಿಹೋಯಿತು. ಇನ್ನು ಆ ಔಷಧಿಗೆ ಒಂದೂ ತಪ್ಪು ಹೇಳುವಂತಿರಲಿಲ್ಲ. ಸಾವು ಕಾಂಡದಲ್ಲಿ ಎಲ್ಲಿಯವರೆಗೆ ಇಳಿದಿದೆ ಎಂದು ಮೊದಲ ವಾರ ಯಾರಿಗೂ ಗೊತ್ತಾಗುವುದಿಲ್ಲ. ಕಾಯಬೇಕು. ಕೆಳಗಿನ ಗೆಣ್ಣುಗಳಲ್ಲಿ ಮೊಗ್ಗು ಉಬ್ಬಿದ ಮೇಲೆ ಅದರ ತುಸು ಮೇಲಕ್ಕೆ ಕತ್ತರಿಸಬೇಕು. ಅಲ್ಲಿಯವರೆಗೆ ಗೊಬ್ಬರ ಸೊನ್ನೆ, ನೀರು ನೆಪಕ್ಕೆ. ಕುಡಿಯಲು ಎಲೆಯೇ ಇಲ್ಲದ ಗಿಡಕ್ಕೆ ಚೊಂಬುಗಟ್ಟಲೆ ನೀರು ಸುರಿದರೆ, ಹಿಮ ಬಿಟ್ಟ ಬೇರನ್ನು ಕೊಳೆ ಮುಗಿಸುತ್ತದೆ. ಜ್ವರ ಬಂದವರಿಗೆ ಬಿಸಿಬೇಳೆಬಾತ್ ಬಡಿಸಬಾರದು ಎಂದು ತಿಳಿದ ಯಾವ ಹೆಂಗಸಿಗೂ ಇದು ತಿಳಿಯುತ್ತದೆ ಎಂಬುದು ಅಮ್ಮನ ವಾದ.

ಬಿನ್ನಿಪೇಟೆಯ ನಮ್ಮ ಮನೆಯ ಶೆಟ್ಟರಿಗೆ ಮಾತ್ರ ಇಂಥ ಕಾಯಿಲೆ ಬರುವುದಿಲ್ಲ. ನಮ್ಮ ಡಿಸೆಂಬರ್ ಜನವರಿಯ ರಾತ್ರಿಗಳು, ಹದಿನೈದು ಹದಿನಾರು ಡಿಗ್ರಿ, ಇದಕ್ಕೆ ಹೇಳಿ ಮಾಡಿಸಿದ ಹವೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಕಾಂಪೌಂಡಿನಲ್ಲಿ ಆಳೆತ್ತರ ಬೆಳೆದು, ವರ್ಷವಿಡೀ ಯಾರ ಕಣ್ಣಿಗೂ ಬೀಳದೆ, ಡಿಸೆಂಬರಿನಲ್ಲಿ ದಿಢೀರನೆ ಕೆಂಪಗೆ ನಿಲ್ಲುತ್ತಿದ್ದದ್ದು ಇದೇ ಗಿಡ. ಕೆಂಪಗಿರುವುದು ಹೂವಲ್ಲ, ಎಲೆ. ಹೂವೆಂಬುದು ನಡುವೆ ಹಳದಿ ಗುಂಡಿಗಳಂತೆ ಮುದುರಿ ಕೂತಿರುತ್ತದೆ, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ಮದುಮಗನ ಹಾಗೆ. 1828ರಲ್ಲಿ ಪಾಯಿನ್‌ಸೆಟ್ ಎಂಬ ಅಮೆರಿಕದ ರಾಯಭಾರಿ ಮೆಕ್ಸಿಕೋದಿಂದ ಇದನ್ನು ತನ್ನೂರಿಗೆ ಕಳಿಸಿದ. ಮೆಕ್ಸಿಕೋದ ಜನ ಶತಮಾನಗಳಿಂದ ಬೆಳೆಸಿದ ಗಿಡಕ್ಕೆ ಸಾಗಿಸಿದವನ ಹೆಸರು ಅಂಟಿಕೊಂಡಿತು.

ಲಾಲ್‌ಬಾಗಿನ ಸಿದ್ದಾಪುರದ ಕಡೆ ಸಾಲಾಗಿರುವ ನರ್ಸರಿಗಳಲ್ಲಿ ಸಿಗುವುದು ಬೇರೆ ಅವತಾರ: ಗೇಣುದ್ದ, ಗುಂಡಗೆ, ಮೈತುಂಬ ಕೊಂಬೆ. ಹೀಗೆ ದುಂಡಾಗಲು ಕಾರಣ ಕಾಯಿಲೆ ಎಂದು 1997ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದರು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಹೊಕ್ಕರೆ ಗಿಡ ಎತ್ತರ ಮರೆತು ಕೊಂಬೆ ಒಡೆಯುತ್ತದೆ; ಆರೋಗ್ಯವಾಗಿದ್ದರೆ ಉದ್ದಕ್ಕೆ ಸೊರಗಿಕೊಂಡು ಹೋಗುತ್ತದೆ. ಇದನ್ನು ಅಮ್ಮನಿಗೆ ಓದಿ ಹೇಳಿದೆ.

“ಅಂದ್ರೆ ಕಾಯಿಲೆ ಗಿಡಕ್ಕೆ ಮುನ್ನೂರು ರೂಪಾಯಿ ಕೊಟ್ಟು ಬಂದೆಯೇನೋ?”

ಆಕೆಗೆ ಮೊದಲೇ ಇದರ ಮೇಲೆ ಇನ್ನೊಂದು ಗುಮಾನಿ ಇತ್ತು. ಎಲೆ ಮುರಿದರೆ ಹಾಲು ಬರುತ್ತದೆ, ಕಳ್ಳಿಯ ಕುಲದ್ದಲ್ಲವೆ? ಹಾಲು ಬರುವ ಗಿಡ ಬಾಗಿಲ ಮುಂದೆ ಇರಬಾರದು ಎಂಬುದು ವಾಸ್ತು. ಹಾಗಾಗಿ ಶೆಟ್ಟರು ಟೆರೇಸಿನಲ್ಲಿ, ಸಿಂಟೆಕ್ಸ್ ಪಕ್ಕದಲ್ಲಿ ವಾಸ. ಆ ಹಾಲು ಕೈಗೆ ತಾಗಿದರೆ ಕೆಲವರಿಗೆ ತುರಿಕೆಯಾಗುವುದು ನಿಜ. ತಿಂದರೆ ಸಾಯುತ್ತಾರೆ ಅನ್ನುವುದು ಉತ್ಪ್ರೇಕ್ಷೆ. ಹೊಟ್ಟೆ ಕೆಡಬಹುದು, ಅಷ್ಟೇ.

ವರ್ಷಪೂರ್ತಿ ಸಾಕುವುದರಲ್ಲಿ ಒಂಬತ್ತು ತಿಂಗಳು ಯಾವ ತೊಂದರೆಯೂ ಇಲ್ಲ. ಫೆಬ್ರುವರಿಯಲ್ಲಿ ಎಲೆ ಉದುರಲು ಶುರುವಾದಾಗ ಅರ್ಧ ಬೆಂಗಳೂರು ಗಿಡ ಸತ್ತಿತೆಂದು ಕುಂಡ ಖಾಲಿ ಮಾಡುತ್ತದೆ. ಅದು ಸಾವಲ್ಲ, ನಿದ್ದೆ. ಯುಗಾದಿಯ ಹೊತ್ತಿಗೆ ಗೇಣುದ್ದ ಬಿಟ್ಟು ಕತ್ತರಿಸಿ, ಮೊದಲ ಮಳೆಗೆ ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಕುಂಡ ಬದಲಿಸಿದರೆ ಚಿಗುರುತ್ತದೆ. ಆಮೇಲೆ ಕುಡಿ ಚಿವುಟುತ್ತಿರಬೇಕು, ಗಣೇಶನ ಹಬ್ಬದ ಆಸುಪಾಸಿನವರೆಗೆ. ಬಿಳಿ ನೊಣ ಬರುತ್ತದೆ, ಹಿಟ್ಟು ತಿಗಣೆ ಬರುತ್ತದೆ. ಬೇವಿನೆಣ್ಣೆ ಹೊಡೆದರೆ ಹೋಗುತ್ತವೆ, ಮತ್ತೆ ಬರುತ್ತವೆ, ನೆಂಟರಲ್ಲವೆ.

ತಕರಾರು ಇರುವುದು ಅಕ್ಟೋಬರಿನಲ್ಲಿ. ಎಲೆ ಕೆಂಪಾಗಬೇಕಾದರೆ ಗಿಡಕ್ಕೆ ಉದ್ದನೆಯ ರಾತ್ರಿ ಬೇಕು. ಸುಮಾರು ಎಂಟರಿಂದ ಹತ್ತು ವಾರ, ದಿನಕ್ಕೆ ಹದಿನಾಲ್ಕು ಗಂಟೆ ಗವ್ವೆನ್ನುವ ಕತ್ತಲೆ ಸಿಕ್ಕರೆ ಕೆಲಸ ಖಾತ್ರಿ. ನಡುವೆ ಬೆಳಕು ಬಿದ್ದರೆ ಗಿಡದ ಲೆಕ್ಕದಲ್ಲಿ ರಾತ್ರಿ ಎರಡು ತುಂಡು. ಬೇಸಿಗೆ ಇನ್ನೂ ಮುಗಿದಿಲ್ಲ ಎಂದು ಹಸಿರಾಗಿಯೇ ಬೆಳೆಯುತ್ತ ಹೋಗುತ್ತದೆ. ಇದನ್ನು ನಂಬದವರು ರಾತ್ರಿ ಬಸ್ಸಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೋಗಿ ಬರಲಿ. ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದು ಕಾಣುತ್ತದೆ. ಯಾರದೋ ಮದುವೆ ಇರಬೇಕು ಅಂದುಕೊಳ್ಳುತ್ತೇವೆ. ಸೇವಂತಿಗೆಯೂ ಉದ್ದನೆಯ ರಾತ್ರಿ ಕೇಳುವ ಗಿಡವೇ. ರೈತರು ಬೆಳಕು ಕೊಟ್ಟು ಮೊಗ್ಗು ತಡೆದು, ಕಾಂಡ ಬೆಳೆಸಿಕೊಂಡು, ಹಬ್ಬದ ರೇಟಿಗೆ ಸರಿಯಾಗಿ ದೀಪ ಆರಿಸುತ್ತಾರೆ. ಹೊಲದಲ್ಲಿ ದುಡ್ಡು ಕೊಟ್ಟು ಮಾಡುವ ಈ ಕೆಲಸವನ್ನು ನಮ್ಮ ಟೆರೇಸಿಗೆ ಬೀದಿ ದೀಪ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ದೂರಲು ಹೋದರೆ ಬಹಳ ಹಿಂದಕ್ಕೆ ಹೋಗಬೇಕು. ಶಿವನಸಮುದ್ರದ ಕರೆಂಟು ತಂದು 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಹಚ್ಚಿದ್ದು ಈಗಿನ ಕೆ.ಆರ್. ಮಾರ್ಕೆಟ್ಟಿನ ಹತ್ತಿರ; ಬಿನ್ನಿಪೇಟೆಯಿಂದ ನಡೆದೇ ಹೋಗಬಹುದು. ಇಡೀ ಏಷ್ಯಾದಲ್ಲೇ ಮೊದಲು ಎಂದು ಊರು ಬೀಗುತ್ತದೆ. ಆ ಸಂಭ್ರಮದಲ್ಲಿ ಶೆಟ್ಟರ ಅಭಿಪ್ರಾಯ ಯಾರೂ ಕೇಳಲಿಲ್ಲ. ನಮ್ಮ ಮನೆ ಮುಂದಿನ ಕಂಬದ ಹೊಸ ಎಲ್‌ಇಡಿ ಎಷ್ಟು ಪ್ರಖರವೆಂದರೆ ಅಮ್ಮ ರಾತ್ರಿ ಹತ್ತಕ್ಕೆ ಟೆರೇಸಿನಲ್ಲಿ ಅಕ್ಕಿಯ ಕಲ್ಲು ಆರಿಸಬಲ್ಲಳು. ಬೇರೆಯವರು ಕರೆಂಟು ಹೋದರೆ ಶಪಿಸುತ್ತಾರೆ, ನಾನು ಗಡಿಯಾರ ನೋಡಿ ‘ಇನ್ನೊಂದು ಸ್ವಲ್ಪ ಹೊತ್ತು ಇರಲಪ್ಪಾ’ ಎಂದು ಅಣ್ಣಮ್ಮನಿಗೆ ಹರಕೆ ಹೊರುತ್ತೇನೆ.

ಕೊನೆಗೆ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಕೆಲಸಕ್ಕೆ ಬಂತು. ಸಂಜೆ ಆರಕ್ಕೆ ಮುಚ್ಚುವುದು, ಬೆಳಿಗ್ಗೆ ಎಂಟಕ್ಕೆ ತೆಗೆಯುವುದು. ಹಗಲಿಡೀ ಚೆನ್ನಾಗಿ ಬಿಸಿಲು. ದಸರೆಗೆ ಮೈಸೂರಿಗೆ ಹೋಗೋಣವೆಂದಳು ಹೆಂಡತಿ; ಡಬ್ಬ ಯಾರು ಮುಚ್ಚುತ್ತಾರೆ? ದೀಪಾವಳಿಗೆ ಭಾವಮೈದುನನ ಮಕ್ಕಳು ಹೂಕುಂಡ ಹಚ್ಚಲು ಟೆರೇಸಿಗೇ ಬಂದರು. ನಾನು ಡಬ್ಬದ ಮೇಲೆ ಕಂಬಳಿಯನ್ನೂ ಹೊದಿಸಿ ಪಕ್ಕದಲ್ಲೇ ಕಾವಲು ನಿಂತೆ. ಮಕ್ಕಳು ನನ್ನ ಬಗ್ಗೆ ಅವರಪ್ಪನ ಬಳಿ ಏನೋ ವಿಚಾರಿಸಿದರಂತೆ.

ಎದುರುಮನೆಯವರು ಮಿಲ್ಲಿನಿಂದ ನಿವೃತ್ತರಾದ ಹಿರಿಯರು. ವಾರಗಟ್ಟಲೆ ಗಮನಿಸಿ ಒಂದು ದಿನ ಗೇಟಿನಲ್ಲಿ ತಡೆದರು.

“ಏನ್ ಸಾರ್, ಸಾಯಂಕಾಲ ಆದ್ರೆ ಮುಚ್ತೀರಿ, ಬೆಳಿಗ್ಗೆ ತೆಗೀತೀರಿ. ಕೋಳಿ ಸಾಕಿದೀರಾ?”

“ಇಲ್ಲ ಸಾರ್, ಗಿಡ.”

ಅವರು ನಂಬಲಿಲ್ಲ. ನಮ್ಮದು ಮೊಟ್ಟೆ ತಿನ್ನದ ಮನೆ ಎಂಬುದು ಅವರಿಗೆ ಗೊತ್ತು, ಆದ್ದರಿಂದಲೇ ಧ್ವನಿ ತಗ್ಗಿಸಿ, “ಅಮ್ಮಂಗೆ ಹೇಳಲ್ಲ ಬಿಡಿ. ನಾಟಿ ಮೊಟ್ಟೆ ಆದ್ರೆ ನಂಗೂ ನಾಲ್ಕು ಕೊಡಿ” ಎಂದರು.

ಕಡಲೆಕಾಯಿ ಪರಿಷೆಯ ಹೊತ್ತಿಗೆ ಮೇಲಿನ ಎಲೆಗಳ ನರದಲ್ಲಿ ಕೆಂಪು ಕಾಣಿಸಿತು. ಮೊದಲು ತೊಟ್ಟಿನ ಬಳಿ, ಆಮೇಲೆ ನಡುನರದುದ್ದಕ್ಕೆ, ಅಲ್ಲಿಂದ ಎರಡೂ ಬದಿಗೆ. ಅಂಚು ಮಾತ್ರ ಕೆಲವು ದಿನ ಹಸಿರು ಬಿಡಲೊಲ್ಲದು. ಡಿಸೆಂಬರ್ ನಡುವಿನ ಹೊತ್ತಿಗೆ ಪೂರ್ತಿ ಕೆಂಪು, ಡಬ್ಬಕ್ಕೆ ರಜೆ. ಅಮ್ಮ ವಾಸ್ತು ಬದಿಗಿಟ್ಟು ಕುಂಡವನ್ನು ಹಜಾರಕ್ಕೆ ತರಿಸಿ, ನ್ಯೂಜೆರ್ಸಿಗೆ ಫೋನ್ ಹಚ್ಚಿದಳು. ತಂಗಿಯ ಗಿಡವೂ ಬದುಕಿತ್ತು. ಹಿಮ ಹೊಡೆದ ಮೇಲಿನ ಅದರ ಮೊದಲ ವರ್ಷ. ಆದರೆ ಪೂರ್ತಿ ಹಸಿರು. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಾಳೆ, ರಾತ್ರಿ ಹನ್ನೊಂದರವರೆಗೆ ಲೈಟು.

“ಅಷ್ಟು ದೊಡ್ಡ ದೇಶದಲ್ಲಿ ಒಂದು ಕತ್ತಲೆ ಮೂಲೆ ಸಿಗಲಿಲ್ವೇನೇ?” ಎಂದಳು ಅಮ್ಮ.

ಎದುರುಮನೆಯವರು ಬಂದು ಕೂತು, ಗಿಡವನ್ನು ಸುತ್ತಲೂ ನೋಡಿ, ಕೋಳಿ ಇಲ್ಲವೆಂದು ಖಚಿತಪಡಿಸಿಕೊಂಡು, ಕಡ್ಡಿ ಕೇಳಿದರು. ಮಾರ್ಚಿನಲ್ಲಿ ಕತ್ತರಿಸಿದಾಗ ಕೊಡುತ್ತೇನೆ ಎಂದೆ. ಡಬ್ಬವನ್ನೂ ಕೇಳಿದರು. ಅದಾಗುವುದಿಲ್ಲ, ನೀವು ಹೊಸ ಫ್ರಿಜ್ ತಗೊಳ್ಳಿ ಎಂದೆ. ಈಗ ಅವರ ಮನೆಯಲ್ಲಿ ಆ ಮಾತುಕತೆ ನಡೆದಿದೆ.