ಮೊದಲನೇ ನಂಬರ್ ಯಾರದ್ದು?

ಶಿವಮೊಗ್ಗದ ಗಾಂಧಿ ಬಜಾರಿನ ಯಾವ ಅಂಗಡಿಯವರ ಫೋನಿನಲ್ಲಿ ಹುಡುಕಿದರೂ ಅವನ ಹೆಸರು ಸಿಗುವುದಿಲ್ಲ. 'ಅಲಾರಂ' ಎಂದೋ 'ಅಲಾರಂ ಹುಡ್ಗ' ಎಂದೋ ಇರುತ್ತದೆ. ಹುಡುಗನಿಗೆ ನಲವತ್ತೈದು ದಾಟಿ, ಮೂಗಿನ ತುದಿಗೆ ಕನ್ನಡಕ ಇಳಿದು, ಸೊಂಟಕ್ಕೆ ನೋವಿನ ಬೆಲ್ಟು ಬಂದರೂ ಅವನು ಹುಡ್ಗನೇ. ಸಾಗರ, ತೀರ್ಥಹಳ್ಳಿ, ಹೊಸನಗರದ ತನಕ ಬೈಕಿನಲ್ಲಿ ತಿರುಗುತ್ತಾನೆ. ಬೆನ್ನ ಮೇಲಿನ ಚೀಲದಲ್ಲಿ ಮಲ್ಟಿಮೀಟರ್, ಟೇಪು, ಸ್ಕ್ರೂಡ್ರೈವರು, ಸ್ಮೋಕ್ ಡಿಟೆಕ್ಟರಿಗೆ ಹಿಡಿದು ನೋಡಲು ಒಂದು ಕಟ್ಟು ಊದುಬತ್ತಿ. ಧರ್ಮಸ್ಥಳಕ್ಕೆ ಹೊರಟವನಿರಬೇಕು ಎಂದು ಹೊಸಬರು ಮೋಸಹೋಗುವುದುಂಟು.

ಗೋಡೆ ಕೊರೆಯುವುದು, ವೈರ್ ಎಳೆಯುವುದು, ಹೂಟರ್ ನೇತುಹಾಕುವುದು ಇವೆಲ್ಲ ಜೊತೆಗೆ ಬಂದ ಹೆಲ್ಪರ್‌ನ ಪಾಲಿನವು. ಅಷ್ಟು ಹೊತ್ತು ಇವನು ಫೋನ್ ನೋಡುತ್ತ ಇರುತ್ತಾನೆ. ಪ್ಯಾನೆಲ್ಲಿಗೆ ಕರೆಂಟು ಬಂದು ಕೀಪ್ಯಾಡಿನ ದೀಪ ಹತ್ತಿದ ಮೇಲೆ ಇವನ ಗತ್ತೇ ಬೇರೆ. ಕುರ್ಚಿ ಎಳೆದುಕೊಳ್ಳುತ್ತಾನೆ, ಟೀ ಬಂತೇ ಎಂದು ಬಾಗಿಲ ಕಡೆ ನೋಡುತ್ತಾನೆ, ಯಾರಿಗೂ ಕಾಣದ ಹಾಗೆ ಅಂಗೈ ಮರೆಮಾಡಿ ಇನ್‌ಸ್ಟಾಲರ್ ಕೋಡ್ ಒತ್ತುತ್ತಾನೆ. ಆಮೇಲೆ ಆ ಪ್ರಶ್ನೆ ಬರುತ್ತದೆ.

"ಅಲಾರಂ ಹೊಡೆದ್ರೆ ಮೊದ್ಲು ಯಾರಿಗೆ ಫೋನ್ ಹೋಗ್ಬೇಕು ಸಾರ್? ಮೊದಲನೇ ನಂಬರ್ ಯಾರದ್ದು?"

ಅಲ್ಲಿಯವರೆಗೆ ಕಲಕಲ ಎನ್ನುತ್ತಿದ್ದ ಮನೆ ತಣ್ಣಗಾಗುತ್ತದೆ. ಡಯಲರ್ ಒಂದರ ನಂತರ ಒಂದು ನಂಬರಿಗೆ ಫೋನ್ ಮಾಡುವ ಯಂತ್ರ. ಮೊದಲನೆಯವರು ಎತ್ತದಿದ್ದರೆ ಎರಡನೆಯವರು. ವಿಷಯ ಇಷ್ಟೇ. ಆದರೆ ಎಂಬತ್ತು ದಾಟಿದ ಯಜಮಾನರು ಕಿವಿಯ ಮಿಷನ್ ತೆಗೆದಿಟ್ಟು ಮಲಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ದೊಡ್ಡ ಮಗ ಚಾವಣಿ ನೋಡುತ್ತಾನೆ. ಅಳಿಯನ ನಂಬರು ಮೂರನೆಯದಾದರೆ ಮಗನಿಗೆ ಸಿಟ್ಟು, ಐದನೆಯದಾದರೆ ಮಗಳಿಗೆ. ಸೊಸೆಯೊಬ್ಬಳೇ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವಳು. ಅವಳ ನಂಬರನ್ನು ಯಾರೂ ಹೇಳಿಯೇ ಇಲ್ಲ.

ಇಂಥ ಹೊತ್ತಿಗೆಂದೇ ಅವನ ಹತ್ತಿರ ಒಂದು ಮಾತಿದೆ. "ಯಜಮಾನ್ರ ನಂಬರ್ ಮೊದಲನೇದು ಹಾಕ್ತೀನಿ, ಅದು ಗೌರವಕ್ಕೆ. ಎರಡನೇದು ಕೆಲ್ಸಕ್ಕೆ. ಅದನ್ನ ಅಮ್ಮಾವ್ರು ಹೇಳ್ಲಿ." ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮಾವರು ಸೊಸೆಯ ನಂಬರು ಹೇಳುತ್ತಾರೆ. ಆ ಮನೆಯಲ್ಲಿ ನಿಜಕ್ಕೂ ಯಾರ ಮಾತು ನಡೆಯುತ್ತದೆ ಎನ್ನುವುದು ಕುಲಪುರೋಹಿತರಿಗಿಂತ ಇವನಿಗೆ ಚೆನ್ನಾಗಿ ಗೊತ್ತು.

ಡಯಲರಿನಲ್ಲಿ ದನಿ ಮುದ್ರಿಸುವುದು ಇನ್ನೊಂದು ಕಥೆ. ಸಿಗುವುದು ಹೆಚ್ಚೆಂದರೆ 20 ಸೆಕೆಂಡು. ಸಾಗರದ ಮಂಡಿ ಸಾಹುಕಾರರು ತಮ್ಮ ದನಿಯೇ ಇರಬೇಕೆಂದು ಹಟ ಹಿಡಿದರು. ಗಂಟಲು ಸರಿಮಾಡಿಕೊಂಡು, ಶಲ್ಯ ಸರಿಮಾಡಿಕೊಂಡು (ಶಲ್ಯಕ್ಕೂ ಮೈಕಿಗೂ ಏನು ಸಂಬಂಧವೋ) ಶುರುಮಾಡಿದರು: "ಎಲ್ಲರಿಗೂ ನಮಸ್ಕಾರ. ನಮ್ಮ ತೀರ್ಥರೂಪರು ಕಷ್ಟಪಟ್ಟು ಕಟ್ಟಿದ ಈ ಮಂಡಿಯಲ್ಲಿ..." ಟೊಂಯ್ ಎಂದಿತು, ಸಮಯ ಮುಗಿಯಿತು. ಕಳ್ಳ ಇನ್ನೂ ಒಳಗೇ ಬಂದಿರಲಿಲ್ಲ. ಮತ್ತೆ ಮತ್ತೆ ಕತ್ತರಿಸಿ, ಕೊನೆಗೆ "ಮಂಡಿಗೆ ಕಳ್ಳ ಬಂದಿದಾನೆ, ಬೇಗ ಬನ್ನಿ" ಎಂಬಷ್ಟಕ್ಕೆ ಇಳಿಯಿತು. ಒಂದು ರಾತ್ರಿ ಗೋದಾಮಿನ ಸೆನ್ಸರ್ ಮೇಲೆ ಹಲ್ಲಿ ಓಡಾಡಿ, ಸಾಹುಕಾರರ ಫೋನು ಹೊಡೆದುಕೊಂಡಿತು. ನಿದ್ದೆಗಣ್ಣಲ್ಲಿ ಎತ್ತಿದರೆ ತಮ್ಮದೇ ದನಿ ತಮ್ಮನ್ನೇ ಕೂಗುತ್ತಿದೆ. ಆಯುಸ್ಸು ಮುಗಿಯಿತೆಂದು ತಿಳಿದು ಹೆಂಡತಿಯನ್ನು ಎಬ್ಬಿಸಿ ಆಸ್ತಿ ವಿಚಾರ ಹೇಳತೊಡಗಿದರಂತೆ. ಹಲ್ಲಿ ಶಕುನಕ್ಕೆ ಪಂಚಾಂಗದಲ್ಲಿ ಎಷ್ಟೋ ಫಲ ಬರೆದಿದ್ದಾರೆ. ಫೋನ್ ಮಾಡಿ ಹೇಳುವ ಹಲ್ಲಿಯ ಫಲ ಮಾತ್ರ ಬರೆದಿಲ್ಲ.

ಗಿರವಿ ಅಂಗಡಿಗೋ ಬ್ಯಾಂಕಿನ ಶಾಖೆಗೋ ಹೋದರೆ ಇವನ ಭಾಷೆ ಅಂಕಿಗೆ ತಿರುಗುತ್ತದೆ. ಅಲ್ಲಿನ ಪ್ಯಾನೆಲ್ ಮನುಷ್ಯರ ಜೊತೆ ಮಾತಾಡುವುದಿಲ್ಲ, ದೂರದ ಕಂಟ್ರೋಲ್ ರೂಮಿನ ಯಂತ್ರದ ಜೊತೆ ಮಾತಾಡುತ್ತದೆ. ಆ ಕಡೆಯಿಂದ 1400 ಹರ್ಟ್ಸ್, 2300 ಹರ್ಟ್ಸಿನ ಎರಡು ಶಿಳ್ಳೆ ಬಂದ ಮೇಲೆ ಇದು ಫೋನ್ ಗುಂಡಿಗಳ ದನಿಯಲ್ಲೇ 16 ಅಂಕಿ ಉದುರಿಸುತ್ತದೆ. ಯಾರ ಅಂಗಡಿ, ಏನಾಯಿತು, ಯಾವ ಜೋನು ಎಲ್ಲ ಅದರಲ್ಲೇ. ಕಾಂಟ್ಯಾಕ್ಟ್ ಐಡಿ ಎಂಬ ಈ ಪದ್ಧತಿಯಲ್ಲಿ 110 ಅಂದರೆ ಬೆಂಕಿ, 130 ಕಳ್ಳ, 301 ಕರೆಂಟು ಹೋಗಿದೆ, 302 ಬ್ಯಾಟರಿ ಕುಸಿದಿದೆ. ಮುಂದೆ 1 ಇದ್ದರೆ ಈಗ ಆಯಿತು, 3 ಇದ್ದರೆ ಸರಿಹೋಯಿತು. ಅಂಕಿಯಲ್ಲಿ ಜಾಗ ಹೇಳುವ ಈ ಉಪಾಯ ಹಳೆಯದೇ. 1852ರಲ್ಲಿ ಬಾಸ್ಟನ್ ನಗರದಲ್ಲಿ ಚಾನಿಂಗ್ ಎಂಬ ವೈದ್ಯರೂ ಫಾರ್ಮರ್ ಎಂಬ ಎಂಜಿನಿಯರರೂ ಸೇರಿ ಬೀದಿಬೀದಿಗೆ ಪೆಟ್ಟಿಗೆ ಇಟ್ಟು, ಹಿಡಿ ತಿರುಗಿಸಿದರೆ ಆ ಪೆಟ್ಟಿಗೆಯ ನಂಬರು ತಂತಿಯ ಮೇಲೆ ಕೇಂದ್ರಕ್ಕೆ ಮುಟ್ಟುವ ಹಾಗೆ ಮಾಡಿದ್ದರು. ನಮ್ಮವನಿಗೆ ಬಾಸ್ಟನ್ ಗೊತ್ತಿಲ್ಲ, ಆದರೆ ಅಂಕಿಗಳು ಮಾತ್ರ ನಾಲಿಗೆಯ ತುದಿಯಲ್ಲಿವೆ. ಮುಖ ಬಾಡಿಸಿಕೊಂಡ ಬ್ಯಾಂಕ್ ಮ್ಯಾನೇಜರರನ್ನು ಕಂಡರೆ ಹೆಲ್ಪರ್‌ನ ಕಿವಿಯಲ್ಲಿ "302" ಎನ್ನುತ್ತಾನೆ. ಕಾಫಿ ಕುಡಿದು ಅವರು ಚೇತರಿಸಿಕೊಂಡರೆ "3302".

ಬ್ಯಾಂಕುಗಳ ಕಷ್ಟವೇ ಬೇರೆ. ಮ್ಯಾನೇಜರರಿಗೆ ವರ್ಗವಾಗುತ್ತದೆ, ಪ್ಯಾನೆಲ್ಲಿಗೆ ಆಗುವುದಿಲ್ಲ. ಹಳಬರು ಬೀದರಿಗೆ ಹೋಗಿ ಬಹಳ ದಿನವಾದರೂ ಮಲೆನಾಡಿನ ಶಾಖೆಯ ಅಲಾರಂ ಅವರನ್ನೇ ಎಬ್ಬಿಸುತ್ತಿರುತ್ತದೆ. ಅವರು ಅಲ್ಲಿಂದ ಇವನಿಗೆ ಫೋನ್ ಮಾಡಿ, "ಲಾಕರಿನ ಕಡೆ ಏನೋ ಆಗ್ತಿದೆಯಂತೆ, ಒಂಚೂರು ನೋಡಪ್ಪಾ, ನನಗ್ಯಾಕೆ ಬೇಕಿತ್ತು" ಎನ್ನುತ್ತಾರೆ.

ಮಳೆಗಾಲ ಹಿಡಿಯಿತೆಂದರೆ ಅವನ ಫೋನಿಗೆ ಬಿಡುವಿಲ್ಲ. ಕರೆಂಟು ಹೋದರೂ ತಿಳಿಸಬೇಕು ಎಂದು ಹಟಮಾಡಿ ಹಾಕಿಸಿಕೊಂಡವರೇ ಬೈಯುವವರಲ್ಲಿ ಮೊದಲಿಗರು. ಹೊಸನಗರದಲ್ಲಿ ಆಷಾಢದ ಒಂದು ರಾತ್ರಿ ಕರೆಂಟು ಎಷ್ಟು ಸಲ ಹೋಗಿಬರುತ್ತದೆ ಎಂದು ಅಲ್ಲಿಯವರನ್ನು ಕೇಳಬೇಕು. ಹೋದರೊಂದು ಫೋನು, ಬಂದರೊಂದು ಫೋನು. "ಕರೆಂಟ್ ಹೋಗಿದ್ದು ನಂಗೆ ಕಾಣಲ್ವೇನೋ ಮಾರಾಯ, ಫ್ಯಾನ್ ನಿಂತಿದೆ!" ಇವನು ಬಂದು, ಕರೆಂಟು ಹೋಗಿ ಎರಡು ಮೂರು ತಾಸು ಕಳೆದರೆ ಮಾತ್ರ ತಿಳಿಸು ಎಂದು ಪ್ಯಾನೆಲ್ಲಿಗೆ ಹೇಳಿಕೊಟ್ಟು ಹೋಗುತ್ತಾನೆ. ಒಳಗಿನ ಬ್ಯಾಟರಿ ಅಷ್ಟು ಹೊತ್ತು ಹೇಗೂ ತಡೆಯುತ್ತದೆ. ಎಲ್ಲವನ್ನೂ ವರದಿ ಮಾಡಿಸುವುದು ಮಕ್ಕಳಾಟ, ಯಾವುದನ್ನು ಮುಚ್ಚಿಡಬೇಕು ಎನ್ನುವುದಕ್ಕೇ ಕಸುಬು ಬೇಕು ಎನ್ನುವುದು ಅವನ ಸಿದ್ಧಾಂತ. ನನಗೂ ಅದು ಸರಿ ಅನ್ನಿಸುತ್ತದೆ, ಪತ್ರಿಕೆಗಳಿಗೂ ಯಾರಾದರೂ ಹೇಳಿಕೊಟ್ಟರೆ ಒಳ್ಳೆಯದು.

ಮುಚ್ಚಿಡುವ ವಿಷಯಕ್ಕೆ ಬಂದರೆ, 401 ಎಂಬ ಅಂಕಿ ಎಷ್ಟು ಮನೆ ಕದಡಿದೆಯೋ ಲೆಕ್ಕವಿಲ್ಲ. ಅಂಗಡಿಯ ಅಲಾರಂ ಯಾರು ತೆಗೆದರು, ಯಾರು ಹಾಕಿದರು ಎಂದು ಹೇಳುವ ವರದಿ ಅದು. ಬಟ್ಟೆ ಅಂಗಡಿಯ ಅಪ್ಪ ಮನೆಯಲ್ಲಿ ಕೂತು, ಮಗ ಒಂಬತ್ತಕ್ಕೇ ಶಟರ್ ಎತ್ತುತ್ತಾನೆ ಎಂದು ನಂಬಿದ್ದರು. ವರದಿಯ ಪ್ರಕಾರ ಮೂರನೇ ನಂಬರಿನ ಬಳಕೆದಾರ ಬರುವುದು ಹತ್ತೂವರೆಗೆ. ಮಗ ಒಂದು ಸಂಜೆ ಇವನನ್ನು ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸಿದ.

"ಅಣ್ಣಾ, ಆ ಓಪನಿಂಗ್ ರಿಪೋರ್ಟ್ ಮಾತ್ರ ಬಂದ್ ಮಾಡ್ಬಹುದಾ?"

"ಮಾಡ್ಬಹುದು. ಆದ್ರೆ ನಾನು ಪ್ರೋಗ್ರಾಮಿಗೆ ಕೈ ಹಾಕಿದ್ರೆ ಅದೂ ರಿಪೋರ್ಟ್ ಆಗುತ್ತೆ."

ದೋಸೆ ತಿಂದು ಮುಗಿದ ಮೇಲೆ ಇದನ್ನು ಹೇಳಿದ ಎನ್ನುವುದನ್ನು ಗಮನಿಸಬೇಕು. ಅಪ್ಪನಿಗೂ ಅವನು ದೋಸೆಯ ಸುದ್ದಿ ಹೇಳಲಿಲ್ಲ. ಊರಿನ ಎಲ್ಲ ಗೋಡೆಗಳಿಗೂ ಚಾಡಿ ಹೇಳುವುದನ್ನು ಕಲಿಸಿದವನು ತಾನು ಮಾತ್ರ ಬಾಯಿ ಬಿಡುವುದಿಲ್ಲ.

ಬಿಡುವುದಿಲ್ಲ ಎಂದರೆ ಅಷ್ಟೂ ನಿಜವಲ್ಲ. ಸಿಮ್ ರೀಚಾರ್ಜಿನ ವಿಷಯಕ್ಕೆ ಬಿಡುತ್ತಾನೆ, ಜೋರಾಗಿಯೇ. ಲಕ್ಷಗಟ್ಟಲೆ ಅಡಿಕೆ ಕಾಯುವ ಪ್ಯಾನೆಲ್ಲಿನೊಳಗಿನ ಸಿಮ್ಮಿಗೆ ದುಡ್ಡು ಹಾಕುವುದು ಯಾರಿಗೂ ನೆನಪಾಗುವುದಿಲ್ಲ. ಆಯುಧಪೂಜೆಗೆ ಕೀಪ್ಯಾಡಿನ ತುಂಬ ಅರಿಸಿನ ಕುಂಕುಮ ಮೆತ್ತಿ, ಹೂವಿನ ಹಾರ ಹಾಕಿ, ನಿಂಬೆಹಣ್ಣು ಹಿಂಡುತ್ತಾರೆ, ರೀಚಾರ್ಜ್ ಮಾಡುವುದಿಲ್ಲ. ವಿಜಯದಶಮಿಯ ಮಾರನೆಯ ದಿನ ಇವನು ಹಳೆಯ ಟೂತ್‌ಬ್ರಷ್ ಹಿಡಿದು ಗುಂಡಿಗಳ ಸಂದಿಯ ಕುಂಕುಮ ತೆಗೆಯುತ್ತ ಗೊಣಗುತ್ತಾನೆ.

ಇತ್ತೀಚೆಗೆ ಆ ಸಾಗರದ ಮಂಡಿ ಪಾಲಾಯಿತು. ಗೋದಾಮಿನ ನಡುವೆ ಗೋಡೆ ಎದ್ದಿತು, ಪ್ಯಾನೆಲ್ ಅಣ್ಣನ ಕಡೆ ಉಳಿಯಿತು. ಒಂದೇ ಪ್ಯಾನೆಲ್ಲನ್ನು ಎರಡು ಭಾಗ ಮಾಡಿ ಬೇರೆಬೇರೆ ನಂಬರಿಗೆ ಜೋಡಿಸಬಹುದು ಎಂದು ಇವನು ವಿವರಿಸಿದ. ಬೆಂಕಿ ಮಾತ್ರ ಇಬ್ಬರಿಗೂ ಹೋಗಲಿ, ಅದಕ್ಕೆ ಗೋಡೆ ಲೆಕ್ಕಕ್ಕಿಲ್ಲ ಎಂದ. ಅದಕ್ಕೆ ಇಬ್ಬರೂ ಒಪ್ಪಿದರು. ಕಳ್ಳನ ವಿಷಯದಲ್ಲಿ ಅವರವರ ಕಳ್ಳ ಅವರವರಿಗೆ ಎಂದಾಯಿತು. ತಮ್ಮ ಎದ್ದು ಹೋದ ಮೇಲೆ ಅಣ್ಣ ಕುರ್ಚಿ ಹತ್ತಿರಕ್ಕೆ ಸರಿಸಿದರು.

"ಅವನ ಕಡೆ ಕಳ್ಳ ಬಂದ್ರೆ ನಂಗೆ ಗೊತ್ತಾಗಲ್ವೇನೋ?"

"ಗೊತ್ತಾಗ್ಬೇಕಾ ಸಾಹುಕಾರ್ರೇ?"

"ಆಗ್ಬೇಕಪ್ಪ, ಒಡಹುಟ್ಟಿದವನಲ್ವಾ. ಆದ್ರೆ ನಂಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾಗ್ಬಾರ್ದು."

ಇವನು ಕೀಪ್ಯಾಡಿನ ಕಡೆ ತಿರುಗಿದ. "ನಿಮ್ ತಮ್ಮನೋರೂ ಬೆಳಿಗ್ಗೆ ಇದನ್ನೇ ಹೇಳಿ ಅಡ್ವಾನ್ಸ್ ಕೊಟ್ಟು ಹೋಗಿದಾರೆ. ಇಬ್ಬರದ್ದೂ ಒಟ್ಟಿಗೇ ಹಾಕ್ಬಿಡ್ತೀನಿ, ನಿಮ್ಗೆ ಇನ್ನೂರು ಕಡಿಮೆ ಮಾಡ್ಕೊಡ್ತೀನಿ."