ನೆನಪೋಲೆ ತಾತ

ಒಂದರಿಂದ ಐದನೆಯ ತರಗತಿಯವರೆಗಿನ ಯಾವ ಶಾಲೆಗೆ ಬೇಕಾದರೂ ಹೋಗಿ ನೋಡಿ, ಪ್ರತಿ ಸೆಕ್ಷನ್ನಿನಲ್ಲೂ ಮಕ್ಕಳ ಜತೆಗೆ ದೊಡ್ಡವರೊಬ್ಬರು ಹೆಚ್ಚುವರಿಯಾಗಿ ದಾಖಲಾಗಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಆದರೆ ಇಡೀ ತರಗತಿಯಲ್ಲಿ ಅವರಷ್ಟು ಹಾಜರಿ ಯಾರದೂ ಇಲ್ಲ. ಬೆಳಗಿನ ಜಾವ ಐದೂವರೆಗೆ ಎದ್ದು ಕೂತು, "ಇಂದು ಬುಧವಾರ, ಬಿಳಿ ಸಮವಸ್ತ್ರ, ಕ್ಯಾನ್ವಾಸ್ ಶೂ" ಎಂದು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಡಂಗುರ ಹೊಡೆಯುವವರು ಇವರೇ. ಕೆಲವು ಕಡೆ ಇವರು ಕೆಲಸ ಬಿಟ್ಟು ಮನೆಯಲ್ಲಿರುವ ತಾಯಿ, ಕೆಲವು ಕಡೆ ಕೆಲಸ ಬಿಡಲು ಆಗದೆ ಆ ಕೋಪವನ್ನೆಲ್ಲ ಗುಂಪಿನ ಮೇಲೆ ತೀರಿಸಿಕೊಳ್ಳುವ ತಂದೆ. ನಮ್ಮ ಪಾಲಿಗೆ, ಅಂದರೆ ಬಸವನಗುಡಿ ಕಡೆಯ ಒಂದು ಶಾಲೆಯ ಎರಡನೆಯ ತರಗತಿ ಬಿ ಸೆಕ್ಷನ್ನಿನ ಪಾಲಿಗೆ, ಬಂದವರು ಒಬ್ಬ ತಾತ.

ತಾತನವರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮಗ, ಸೊಸೆ ಇಬ್ಬರೂ ಸಾಫ್ಟ್‌ವೇರ್. ಅಮೆರಿಕ ಎದ್ದಾಗ ಅವರ ಮೀಟಿಂಗು ಶುರು. ಹೀಗಾಗಿ ಮೊಮ್ಮಗಳ ಶಾಲೆಯ ಟಪಾಲೆಲ್ಲ ತಾತನ ಮೇಜಿಗೆ ಬಂತು. ಆಯುಷ್ಯವೆಲ್ಲ ಕಡತ ಮಂಡಿಸಿದ ಕೈ ಸುಮ್ಮನಿರುತ್ತದೆಯೇ? ಗುಂಪಿಗೆ ಸೇರಿದ ವಾರದಲ್ಲೇ ಮೊದಲ ಆದೇಶ ಹೊರಬಿತ್ತು:

"ವಿಷಯ: ಚಳಿಗಾಲದ ಸ್ವೆಟರ್ ಕುರಿತು. ಉಲ್ಲೇಖ: ಮಿಸ್ ಅವರು ಡೈರಿಯಲ್ಲಿ ಅಂಟಿಸಿ ಕಳಿಸಿರುವ ಚೀಟಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಪೋಷಕ ಬಂಧುಗಳಿಗೆ ತಿಳಿಯಪಡಿಸುವುದೇನೆಂದರೆ, ಸ್ವೆಟರ್ ನೇವಿ ಬ್ಲೂ ಬಣ್ಣದ್ದೇ ಆಗಿರತಕ್ಕದ್ದು. ಮಂಕಿ ಟೋಪಿ ಗೇಟಿನವರೆಗೆ ಮಾತ್ರ."

ಮರುದಿನ ಅದೇ ಒಕ್ಕಣೆ, ತಲೆಯ ಮೇಲೆ 'ನೆನಪೋಲೆ–1' ಎಂಬ ಕಿರೀಟ ಹೊತ್ತು ಬಂತು. ಅದರ ಮರುದಿನ 'ನೆನಪೋಲೆ–2'. ತಾತನ ನಿಜವಾದ ಹೆಸರು ಅವತ್ತಿಗೆ ನಮ್ಮೆಲ್ಲರ ಬಾಯಿಂದ ಅಳಿಸಿಹೋಯಿತು.

ಶಾಲೆಯದೇ ಅಧಿಕೃತ ಗುಂಪು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅಡ್ಮಿನ್ ಮಾತ್ರ ಬರೆಯಬಹುದು ಎಂಬ ಸೌಕರ್ಯ 2018ರಲ್ಲಿ ವಾಟ್ಸಾಪ್‌ಗೆ ಬಂದಾಗ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ನೆಮ್ಮದಿಪಟ್ಟವರು ಶಾಲೆಯವರೇ ಇರಬೇಕು. ಅಲ್ಲಿ ಸೂಚನೆ ಮೇಲಿಂದ ಬೀಳುತ್ತದೆ, ಕೆಳಗಿನಿಂದ ಉಸಿರು ಹೋಗುವುದಿಲ್ಲ. ಉಸಿರಾಡಲೆಂದೇ ಪೋಷಕರು ಬೇರೆ ಗುಂಪು ಕಟ್ಟಿಕೊಂಡರು. ಅದರಲ್ಲಿ ತಾತ ಉಸಿರಾಡಿದರು.

ಬೆಂಗಳೂರಿನ ಚಳಿಯ ಬಗ್ಗೆ ಅವರಿಗೆ ಇರುವ ಗೌರವ ಹಿಮಾಲಯದ ಯಾತ್ರಿಕರಿಗೂ ಹಿಮಾಲಯದ ಬಗ್ಗೆ ಇರಲಾರದು. ಡಿಸೆಂಬರಿನ ಬೆಳಗ್ಗೆ ಹದಿನಾರು ಡಿಗ್ರಿ ಇದ್ದರೆ ನಾವು ಹಿತವಾಗಿದೆ ಎನ್ನುತ್ತೇವೆ. ತಾತ ಒಪ್ಪುವುದಿಲ್ಲ. "1884ರ ಜನವರಿ 13ರಂದು ಈ ಊರಿನಲ್ಲಿ 7.8 ಡಿಗ್ರಿ ದಾಖಲಾಗಿದೆ. ಆದ್ದರಿಂದ ನಿರ್ಲಕ್ಷ್ಯ ಸಲ್ಲದು." ಆ ದಾಖಲೆ ನಿಜವೇ, ನಾನು ಹುಡುಕಿ ನೋಡಿದೆ. ಆದರೆ ಬ್ರಿಟಿಷರ ಕಾಲದ ಒಂದು ಚಳಿಗೆ ನನ್ನ ಮಗಳು ಇವತ್ತು ಒಳಗೊಂದು ಥರ್ಮಲ್ ಬನಿಯನ್ ಹಾಕಿಕೊಳ್ಳಬೇಕು ಎನ್ನುವುದು ಯಾವ ನ್ಯಾಯ? ಹನ್ನೊಂದು ಗಂಟೆಗೆ ಬಿಸಿಲೇರುತ್ತದೆ, ಮಕ್ಕಳು ಆಟದ ಪಿರಿಯಡ್ಡಿನಲ್ಲಿ ಸ್ವೆಟರು ಕಿತ್ತೆಸೆಯುತ್ತಾರೆ, ಸಂಜೆ ಕಟ್ಟೆಯ ಮೇಲೆ ನೇವಿ ಬ್ಲೂ ಗುಡ್ಡೆ. ಅದಕ್ಕೂ ತಾತನ ಬಳಿ ಪರಿಹಾರವಿದೆ: "ಹೆಸರನ್ನು ಪೆನ್ನಿನಲ್ಲಿ ಬರೆಯಬೇಡಿ, ಎರಡು ಒಗೆತಕ್ಕೆ ಹೋಗುತ್ತದೆ. ಕಾಲರಿನ ಒಳಗೆ ಬಿಳಿ ದಾರದಲ್ಲಿ ಕ್ರಮಾಂಕ ಹೊಲಿಯಿರಿ." ಹೊಲಿಯಲು ಬಾರದವರಿಗಾಗಿ, ತಾವೇ ಹೊಲಿಯುತ್ತಿರುವ ವಿಡಿಯೊ. ಅದರಲ್ಲಿ ಮೊದಲ ಮೂರು ನಿಮಿಷ ಸೂಜಿಗೆ ದಾರ ಪೋಣಿಸುವುದೇ ಇದೆ.

ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಬಂದರೆ ಬುಲ್ ಟೆಂಪಲ್ ರಸ್ತೆಯಲ್ಲಿ ವ್ಯಾನು ನುಗ್ಗುವುದಿಲ್ಲ, ಅದಕ್ಕೊಂದು ನೆನಪೋಲೆ. ಅವರೆಕಾಯಿ ಕಾಲದಲ್ಲಿ ಡಬ್ಬಿಗೆ ಉಪ್ಪಿಟ್ಟು ಹಾಕಿದರೆ ಬೇಳೆ ಹಿತುಕಿ ಹಾಕಿ ಎಂದು ಇನ್ನೊಂದು. ಕ್ರಿಸ್‌ಮಸ್‌ಗೆ ಮಕ್ಕಳು ಚೀಟಿ ಎತ್ತಿ ಉಡುಗೊರೆ ಕೊಟ್ಟುಕೊಳ್ಳುತ್ತಾರಲ್ಲ, ಅದಕ್ಕೆ ನೂರು ರೂಪಾಯಿ ಮೀರಬಾರದೆಂದೂ, ಬೆಲೆಯ ಚೀಟಿ ಕಿತ್ತು ಕೊಡಬೇಕೆಂದೂ, ಕಿತ್ತ ಚೀಟಿಯನ್ನು ಮಾತ್ರ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದೂ ಮತ್ತೊಂದು.

ಮಕ್ಕಳ ಲೋಕದಲ್ಲಿ ಅವರ ಹೆಸರು ಕೆಟ್ಟದ್ದು ರಜೆಯ ವಿಷಯಕ್ಕೆ. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆ ಹಿಡಿದಾಗ ಕೊಡಗು, ದಕ್ಷಿಣ ಕನ್ನಡ, ಮೈಸೂರು ಕಡೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟರು. ಅಂಥ ದಿನಗಳಲ್ಲಿ ಎಲ್ಲಿಂದಲೋ ರಜೆಯ ಆದೇಶಗಳೂ ಮಳೆಯಂತೆ ಸುರಿಯುತ್ತವೆ. ನಮ್ಮ ಗುಂಪಿಗೂ ರಾತ್ರಿ ಒಂದು ಬಂತು. ಅಮ್ಮಂದಿರು ಅಲಾರಂ ಆಫ್ ಮಾಡಿದರು, ಮಕ್ಕಳು ಕುಣಿದರು. ತಾತ ಮಾತ್ರ ಕನ್ನಡಕ ಹಾಕಿಕೊಂಡರು. ಕಾಲು ಗಂಟೆಯಲ್ಲಿ ತೀರ್ಪು ಬಂತು: "ಸದರಿ ಆದೇಶದ ದಿನಾಂಕವನ್ನು ಪರಿಶೀಲಿಸಲಾಗಿ, ಅದು ಹಿಂದಿನ ವರ್ಷದ್ದೆಂದು ಕಂಡುಬಂದಿರುತ್ತದೆ. ಜಿಲ್ಲೆಯ ಹೆಸರೂ ನಮ್ಮದಲ್ಲ. ನಾಳೆ ಶಾಲೆ ಇರುತ್ತದೆ. ಕೊಡೆ ಕಳುಹಿಸಿ." ಕೊಡೆ ಹಿಡಿದು ವ್ಯಾನ್ ಹತ್ತಿದ ನನ್ನ ಮಗಳು ಹೇಳಿದ್ದು ಒಂದೇ ಮಾತು: "ಆ ತಾತನ ಫೋನು ನೀರಿಗೆ ಬಿದ್ದುಹೋಗ್ಲಿ."

ಈಗ ಕಾಲುಚೀಲದ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲೆಂದೇ ಇಷ್ಟು ಹೊತ್ತು ಬೇರೆಯದೆಲ್ಲ ಹೇಳಿದೆ.

ಡಿಸೆಂಬರ್ ಮಧ್ಯದಲ್ಲಿ ಸ್ಕೂಲ್ ಡೇ. ಎರಡನೆಯ ತರಗತಿಗೆ ತರಕಾರಿ ನೃತ್ಯ. ನನ್ನ ಮಗಳು ದಪ್ಪಮೆಣಸಿನಕಾಯಿ. ವೇಷ ಬಾಡಿಗೆಗೆ ಶಾಲೆಯೇ ತರಿಸುತ್ತದೆ, ಪೋಷಕರು ಕೊಡಬೇಕಾದದ್ದು ದುಡ್ಡು ಮತ್ತು ಒಂದು ಜೊತೆ ಕಪ್ಪು ಕಾಲುಚೀಲ. ಇಷ್ಟೇ. ಇಷ್ಟನ್ನು ಇಟ್ಟುಕೊಂಡು ತಾತ ಒಂದು ಇಲಾಖೆಯನ್ನೇ ಕಟ್ಟಿದರು. ಬದನೆಕಾಯಿಗೂ ಕಪ್ಪೇ, ಕೋಸಿಗೂ ಕಪ್ಪೇ, ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗಿರತಕ್ಕದ್ದು, ಪಟ್ಟೆ ಇರತಕ್ಕದ್ದಲ್ಲ. ಓದಿದವರು 'ಓದಿದೆ' ಎಂದು ಬರೆಯಬೇಕು, ತಂದವರು 'ತಂದೆ' ಎಂದು ಬರೆಯಬೇಕು. ಒಬ್ಬರು 'ತಾಯಿ' ಎಂದು ಬರೆದು ನಗೆಯ ಮುಖ ಹಾಕಿದರು. ತಾತ ಅವರಿಗೆ ಪ್ರತ್ಯೇಕವಾಗಿ ಫೋನ್ ಮಾಡಿ, ಕಾಲುಚೀಲ ಬಂದಿದೆಯೋ ಇಲ್ಲವೋ ಸ್ಪಷ್ಟವಾಗಿ ತಿಳಿಸಿ ಎಂದರು.

ನಾನು ಉತ್ತರಿಸಿರಲಿಲ್ಲ. ಕಾಲುಚೀಲವನ್ನು ನನ್ನ ಹೆಂಡತಿ ಮೊದಲ ಚೀಟಿ ಬಂದ ದಿನವೇ ಗಾಂಧಿಬಜಾರಿನಿಂದ ತಂದಿಟ್ಟಿದ್ದಳು. ಮನೆಯಲ್ಲಿರುವ ಕಾಲುಚೀಲದ ಬಗ್ಗೆ ಊರಿಗೆ ಯಾಕೆ ಹೇಳಬೇಕು ಎಂಬುದು ನನ್ನ ಹಟ. ಆ ಹಟದ ಮೇಲೆ ನಾನು ಆಫೀಸಿನಲ್ಲಿ ಕೂತು, ವಿದೇಶದ ಗಿರಾಕಿಗಳ ಎದುರು ಲ್ಯಾಪ್‌ಟಾಪಿನ ಪರದೆ ತೆರೆದಿಟ್ಟು, ಮುಂದಿನ ಮೂರು ತಿಂಗಳಲ್ಲಿ ನಮ್ಮ ತಂಡ ಏನೇನು ಸಾಧಿಸಲಿದೆ ಎಂದು ಗಂಭೀರವಾಗಿ ವಿವರಿಸುತ್ತಿದ್ದೆ. ಪರದೆಯ ಮೂಲೆಯಲ್ಲಿ ಟಿಂಗ್ ಎಂದಿತು. ದೇಶ ವಿದೇಶಗಳ ಹದಿನಾಲ್ಕು ಜನರ ಕಣ್ಣ ಮುಂದೆ ಒಂದು ಪಟ್ಟಿ ಬಿಚ್ಚಿಕೊಂಡಿತು: "ನೆನಪೋಲೆ–5. ಕ್ರಮಾಂಕ 27ರ ತಂದೆಯವರು ಕಾಲುಚೀಲದ ಬಗ್ಗೆ ಈವರೆಗೂ ಮೌನ ವಹಿಸಿರುತ್ತಾರೆ. ಕಾರಣ ತಿಳಿಸುವುದು." ಗಿರಾಕಿಗಳಿಗೆ ಅದು ಜಿಲೇಬಿ ಜಿಲೇಬಿಯಾಗಿ ಕಂಡಿರಬೇಕು. ಆದರೆ ನಮ್ಮ ಮ್ಯಾನೇಜರು ಧಾರವಾಡದವರು. ಮೀಟಿಂಗು ಮುಗಿದ ಮೇಲೆ ಅವರು ಮೂರು ತಿಂಗಳ ಯೋಜನೆಯ ಬಗ್ಗೆ ಏನೂ ಕೇಳಲಿಲ್ಲ. "ಅಲ್ರೀ, ಸಾಕ್ಸಿಂದು ಏನಾತು?" ಎಂದರು. ಇವತ್ತಿಗೂ ನಾನು ಯಾವ ಕೆಲಸ ತಡ ಮಾಡಿದರೂ ಅವರು ಇದನ್ನೇ ಕೇಳುತ್ತಾರೆ.

ಅವತ್ತು ರಾತ್ರಿ ಸಮಾನದುಃಖಿಗಳೆಲ್ಲ ಸೇರಿ ತಾತ ಇಲ್ಲದ ಹೊಸ ಗುಂಪು ಮಾಡಿದೆವು. ಹೆಸರು '2ಬಿ ನೆಮ್ಮದಿ'. ಮುಂಚೂಣಿಯಲ್ಲಿದ್ದವರು ಕ್ರಮಾಂಕ 14ರ ತಂದೆ. ಒಂದು ದಿನ ಅಲ್ಲಿ ನಿಜಕ್ಕೂ ನೆಮ್ಮದಿ ಇತ್ತು. ಎರಡನೆಯ ದಿನ ಯಾರೋ ಕೇಳಿದರು: "ನಾಳೆ ರಿಹರ್ಸಲ್ ಎಷ್ಟು ಗಂಟೆಗೆ?" ಯಾರಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರು: "ಆ ಗುಂಪಲ್ಲಿ ತಾತ ಏನಾದ್ರೂ ಹಾಕಿದಾರಾ, ನೋಡಿ ಹೇಳ್ತೀರಾ?" ಆಮೇಲೆ ಆ ಗುಂಪಿನ ಏಕೈಕ ಕಸುಬು ತಾತನ ನೆನಪೋಲೆಗಳನ್ನು ಇಲ್ಲಿಗೆ ತಂದು ಹಾಕುವುದಾಯಿತು.

ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಡ್ಯಾನ್ಸ್ ಮಿಸ್ಸಿಗೆ ಜ್ಞಾನೋದಯವಾಯಿತು. ಹಿಂದೆ ಕಪ್ಪು ಪರದೆ, ಕೆಳಗೆ ಕಪ್ಪು ಕಾಲುಚೀಲ; ತರಕಾರಿಗಳೆಲ್ಲ ಕಾಲಿಲ್ಲದೆ ಗಾಳಿಯಲ್ಲಿ ತೇಲುತ್ತಿವೆ. ಕಪ್ಪು ಬೇಡ, ಬಿಳಿ ಎಂದರು. ತಾತನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ದಿನ ಬಂದಿರಲಾರದು. 'ತಿದ್ದೋಲೆ' ಎಂಬ ಹೊಸ ಶೀರ್ಷಿಕೆಯಡಿ, ಹಿಂದಿನ ಎಲ್ಲ ನೆನಪೋಲೆಗಳನ್ನು ರದ್ದುಪಡಿಸಿ, ಬಿಳಿಯ ಆದೇಶ ಹೊರಟಿತು. ಯಾರ್ಯಾರು ಓದಿಲ್ಲ ಎಂದು ನೋಡಿ, ಅವರಿಗೆಲ್ಲ ಫೋನು. ಗುಂಪನ್ನು ಮ್ಯೂಟ್ ಮಾಡಿದ್ದ ಒಬ್ಬರ ಮನೆಗೆ ಖುದ್ದು ಹೋಗಿ ಬೆಲ್ ಮಾಡಿದರಂತೆ.

ಸ್ಕೂಲ್ ಡೇ ಸಂಜೆ ಸಭಾಂಗಣದ ಬಾಗಿಲಲ್ಲಿ ತಾತ ಒಂದು ಬಟ್ಟೆ ಚೀಲ ಹಿಡಿದು ಕೂತಿದ್ದರು. ಚೀಲದಲ್ಲಿ ಹೆಚ್ಚುವರಿ ಬಿಳಿ ಕಾಲುಚೀಲಗಳು, ಪಿನ್ನುಗಳು, ಕೂದಲಿನ ರಬ್ಬರ್‌ಬ್ಯಾಂಡು. ಕಪ್ಪಿನಲ್ಲೇ ಬಂದ ಮಕ್ಕಳು ಆರೇಳು ಜನ ಇದ್ದರು. ಕ್ರಮಾಂಕ 14ರ ಕುಂಬಳಕಾಯಿಯೂ ಅವರಲ್ಲಿ ಒಬ್ಬ. ತಾತ ಯಾರನ್ನೂ ಗದರಲಿಲ್ಲ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಮಗುವಿನ ಕಾಲಿಗೆ ತಾವೇ ಬಗ್ಗಿ ಕಾಲುಚೀಲ ಏರಿಸಿದರು. ನನ್ನ ಕಣ್ಣು ಇನ್ನೇನು ಒದ್ದೆಯಾಗಬೇಕು, ಅಷ್ಟರಲ್ಲಿ ಅವರು ಚೀಲದಿಂದ ಗೆರೆ ಹಾಕಿದ ನೋಟ್‌ಬುಕ್ಕು ತೆಗೆದು ಆ ತಂದೆಯ ಮುಂದೆ ಹಿಡಿದರು. ಕ್ರಮಸಂಖ್ಯೆ, ವಿವರ, ಪಡೆದವರ ಸಹಿ, ಒಗೆದು ಹಿಂತಿರುಗಿಸಿದ ದಿನಾಂಕ.

ನಮ್ಮಂಥ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ದೊಡ್ಡ ಪದವಿಯಿದೆ, ಅದಕ್ಕಿಂತ ದೊಡ್ಡ ಸಂಬಳವಿದೆ. ಯಾರು ಏನು ಮಾಡಿಲ್ಲ ಎಂದು ವಾರಕ್ಕೊಮ್ಮೆ ಕೇಳುವವರನ್ನು ನಾವು ಎದ್ದು ನಿಂತು ಗೌರವಿಸುತ್ತೇವೆ. ತಾತ ಅದನ್ನು ಬಿಟ್ಟಿಯಾಗಿ ಮಾಡುತ್ತಾರೆ, ಆದ್ದರಿಂದ ಮ್ಯೂಟ್ ಮಾಡುತ್ತೇವೆ.

ಸಂಕ್ರಾಂತಿಯ ಹಿಂದಿನ ವಾರ ಬಂದ ಒಂದು ನೆನಪೋಲೆ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ತರಗತಿಯಲ್ಲಿ ಮಕ್ಕಳು ಎಳ್ಳು ಬೀರುವ ದಿನ. ಬೆಲ್ಲ, ಕೊಬ್ಬರಿ ಬೇಗ ಹೆಚ್ಚಿ ಮಹಡಿಯ ಮೇಲೆ ಒಣಗಿಸಿ ಎಂಬ ಮಾಮೂಲು ಉಪದೇಶದ ಕೆಳಗೆ ಒಂದು ಸಾಲು: "ನಮ್ಮ ತರಗತಿಯಲ್ಲಿ ಕಡಲೆಬೀಜ ಆಗಿಬರದ ಮಗು ಇದೆ. ಆದ್ದರಿಂದ ಯಾವ ಪೊಟ್ಟಣಕ್ಕೂ ಕಡಲೆಬೀಜ ಬೇಡ. ಹುರಿಗಡಲೆ ಹೆಚ್ಚಾಗಿ ಹಾಕಿ." ಯಾವ ಮಗು ಎಂದು ಬರೆದಿರಲಿಲ್ಲ. ಪ್ರತಿಯೊಬ್ಬರ ಕ್ರಮಾಂಕ ಹಿಡಿದು ಜಗ್ಗುವ ಮನುಷ್ಯ ಅಲ್ಲಿ ಮಾತ್ರ ಕ್ರಮಾಂಕ ಬಿಟ್ಟಿದ್ದರು.

ಒಂದು ಸಂಜೆ ಶಾಲೆ ಬಿಡುವುದನ್ನು ಕಾಯುತ್ತ ಗೇಟಿನ ಬಳಿ ಅವರ ಪಕ್ಕ ನಿಂತಿದ್ದೆ. ಅಜ್ಜಿಯೂ ಬಂದಿದ್ದರು. "ನಿಮ್ಮ ಮಗ ಓದುವಾಗಲೂ ಹೀಗೇ ಇದ್ರಾ ಸಾರ್?" ಎಂದೆ. ತಾತ ನಕ್ಕರು. "ಎಲ್ಲಿ ಬಂತು! ಚಳಿಗಾಲ ಅಂದ್ರೆ ನಮಗೆ ಅಧಿವೇಶನ. ಎಂಎಲ್‌ಎಗಳ ಪ್ರಶ್ನೆಗೆ ಉತ್ತರ ತಯಾರು ಮಾಡೋದರಲ್ಲಿ ಮಧ್ಯರಾತ್ರಿ ಆಗೋದು. ಒಂದು ಸ್ಕೂಲ್ ಡೇನೂ ನೋಡಲಿಲ್ಲ. ಅವನು ಯಾವ ಸೆಕ್ಷನ್ ಅಂತ ಯಾರಾದ್ರೂ ಕೇಳಿದ್ರೆ ಇವಳ ಮುಖ ನೋಡ್ತಿದ್ದೆ."

ಅಜ್ಜಿ ಗೇಟಿನ ಕಡೆ ನೋಡುತ್ತಲೇ, "ನಾನು ಹಿಂದಿನ ರಾತ್ರಿನೇ ಎಲ್ಲ ದಿಂಬಿನ ಪಕ್ಕ ಇಟ್ಟುಬಿಡ್ತಿದ್ದೆ. ಯಾರಿಗೂ ಓಲೆಗೀಲೆ ಬರೀಲಿಲ್ಲಪ್ಪ" ಎಂದರು.

ತಾತ ಇದಕ್ಕೆ ಉತ್ತರ ಬರೆಯಲಿಲ್ಲ, ಮಂಡಿಸಲೂ ಇಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆಮೇಲೆ ನಾನು ಗುಂಪನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಶಾಲೆಯ ಚೀಟಿ 'ಪೋಷಕರ ಗಮನಕ್ಕೆ' ಎಂದು ಶುರುವಾಗುತ್ತದೆ. ಗಮನ ಕೊಡುವುದು ಅಮ್ಮಂದಿರು. ಸ್ವೆಟರ್ ಸಿಗುವ ಅಂಗಡಿ, ಪ್ರವಾಸದ ಒಪ್ಪಿಗೆ ಪತ್ರ, ಜ್ವರ ಬಂದ ಮಗುವಿನ ನೋಟ್ಸ್ ಎಲ್ಲದಕ್ಕೂ ಬರೆಯುವವರು ಅವರು. ನಾವು ಅಪ್ಪಂದಿರು ಕೆಳಗೆ ಸಾಲಾಗಿ ಹೆಬ್ಬೆರಳು ಎತ್ತುತ್ತೇವೆ. ಹಿಂದೆ ಓದು ಬಾರದವರು ಒತ್ತುತ್ತಿದ್ದ ಹೆಬ್ಬೆಟ್ಟನ್ನು ಓದಿಕೊಂಡವರಾದ ನಾವು ನೆಟ್ಟಗೆ ನಿಲ್ಲಿಸಿದ್ದೇವೆ, ಅಷ್ಟೇ. ಗಂಡಸರ ಪೈಕಿ ಚೀಟಿಯನ್ನು ಪೂರ್ತಿ ಓದುವವರು ತಾತ ಒಬ್ಬರೇ. ಮೂವತ್ತು ವರ್ಷ ತಡವಾಗಿ ಓದುತ್ತಿದ್ದಾರೆ, ಅದಕ್ಕೇ ಅಷ್ಟು ಗಟ್ಟಿಯಾಗಿ ಓದುತ್ತಾರೆ ಎಂದು ಈಗ ನನಗೆ ಅನ್ನಿಸುತ್ತದೆ. ಹೀಗೆಲ್ಲ ತಿಳಿದ ಮೇಲೆ ಐದೂವರೆಯ ಟಿಂಗ್ ಹಿತವಾಗಿ ಕೇಳಿಸುತ್ತದೆಯೇ? ಇಲ್ಲ. ಫೋನನ್ನು ದಿಂಬಿನ ಅಡಿಗೆ ತುರುಕುವಾಗ ಕೈ ಸ್ವಲ್ಪ ಮೆತ್ತಗಾಗಿದೆ, ಅಷ್ಟೇ.

ಮೂರನೆಯ ತರಗತಿಗೆ ಮಕ್ಕಳನ್ನು ಕಲಸಿ ಸೆಕ್ಷನ್ ಬದಲಿಸುತ್ತಾರಂತೆ. ಸುದ್ದಿ ಬಂದ ದಿನ '2ಬಿ ನೆಮ್ಮದಿ'ಯಲ್ಲಿ ನೆಮ್ಮದಿ ಹೋಯಿತು. ತಾತನ ಮೊಮ್ಮಗಳು ಯಾವ ಸೆಕ್ಷನ್ನಿಗೆ ಹೋಗುತ್ತಾಳೆ ಎಂಬುದೊಂದೇ ಎಲ್ಲರ ಪ್ರಶ್ನೆ. ಕ್ರಮಾಂಕ 14ರ ತಂದೆ ಆಗಲೇ ಶಾಲೆಯ ಆಫೀಸಿಗೆ ಹೋಗಿ, ತಮ್ಮ ಮಗನಿಗೂ ಆ ಹುಡುಗಿಗೂ ಬಹಳ ಗೆಳೆತನ, ಅಗಲಿಸಬಾರದು ಎಂದು ಅರ್ಜಿ ಕೊಟ್ಟು ಬಂದಿದ್ದಾರೆ. ಆ ಮಕ್ಕಳು ವರ್ಷವಿಡೀ ಒಂದು ಮಾತೂ ಆಡಿದವರಲ್ಲ ಎಂದು ನನ್ನ ಮಗಳು ಹೇಳುತ್ತಾಳೆ. ನಮ್ಮ ಅರ್ಜಿಯನ್ನು ನನ್ನ ಹೆಂಡತಿ ಅವರಿಗಿಂತ ಎರಡು ದಿನ ಮೊದಲೇ ಕೊಟ್ಟಿದ್ದಾಳೆ.